ದರ್ಜಿಯ ಅಂಗಡಿಗೆ ನೀವೂ ಹೋಗಿ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ಮಗನಿಗೆ ಎರಡು ವರ್ಷ ಮೂರು ತಿಂಗಳು. ಮೂರು ತಿಂಗಳ ಹಿಂದೆ ಬೇರಾ ಟೆಸ್ಟ್ ಮಾಡಿಸಿದಾಗ ಎರಡೂ ಕಿವಿ ಹೆಚ್ಚುಕಮ್ಮಿ ಪೂರ್ತಿ ಕೇಳುವುದಿಲ್ಲ ಎಂದರು. ಎರಡು ಮಷೀನ್ ಕೊಟ್ಟಿದ್ದಾರೆ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಇಂಪ್ಲಾಂಟ್‌ಗೆ ಹೆಸರು ಬರೆಸಿದ್ದೇವೆ. ಥೆರಪಿಯವರು ‘ಕೈಸನ್ನೆ ಮಾಡಲೇಬೇಡಿ, ರೂಢಿಯಾದರೆ ಮಾತು ಕಲಿಯೋದಿಲ್ಲ’ ಎಂದು ಹೇಳಿದ್ದಾರೆ. ನಮ್ಮ ಬೀದಿಯಲ್ಲಿ ಒಬ್ಬ ಮೂಗ ದರ್ಜಿ ಇದ್ದಾನೆ. ಮಗ ಅವನ ಅಂಗಡಿಗೆ ಹೋದರೆ ಎದ್ದು ಬರುವುದೇ ಇಲ್ಲ. ಇಬ್ಬರೂ ಕೈ ತಿರುಗಿಸುತ್ತಾ ಏನೋ ಹೇಳಿಕೊಂಡು ನಗುತ್ತಿರುತ್ತಾರೆ. ‘ಅವನ ಹತ್ತಿರ ಬಿಟ್ಟರೆ ಇವನೂ ಅವನ ಹಾಗೇ ಆಗ್ತಾನೆ’ ಎಂದು ನಮ್ಮ ಅತ್ತೆಯವರು ಬೈಯುತ್ತಾರೆ. ನನಗೂ ಭಯ. ಏನು ಮಾಡಲಿ?

ಉತ್ತರ: ಹೋಗಲಿ ಬಿಡಿ, ಅಮ್ಮಾ. ಆದರೆ ಅವನೊಬ್ಬನನ್ನೇ ಕಳಿಸಬೇಡಿ. ನೀವೂ ಹೋಗಿ ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಅವರಿಬ್ಬರೂ ಏನು ಮಾಡುತ್ತಾರೆ ಎಂದು ಒಂದು ವಾರ ನೋಡಿ. ಅಷ್ಟು ಹತ್ತಿರದಲ್ಲಿ, ಒಂದೇ ಬೀದಿಯಲ್ಲಿ, ಮಗು ತಾನಾಗಿ ಇಷ್ಟಪಟ್ಟ ಒಬ್ಬ ದೊಡ್ಡ ಕಿವುಡರು ಸಿಗುವುದು ಎಷ್ಟು ಅಪರೂಪ ಅನ್ನುವುದು ನಿಮಗೆ ಗೊತ್ತಿಲ್ಲ. ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಮನೆಯವರು ತಮ್ಮ ಮಗು ಹುಟ್ಟುವ ಮುಂಚೆ ಕಿವುಡರೊಬ್ಬರ ಜೊತೆ ಐದು ನಿಮಿಷವೂ ಕೂತವರಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಹುಟ್ಟುವ ಕಿವುಡ ಮಕ್ಕಳಲ್ಲಿ ಬಹುಪಾಲು ಕೇಳುವ ಅಪ್ಪ ಅಮ್ಮಂದಿರಿಗೇ ಹುಟ್ಟುವುದು. ಅಮೆರಿಕದ ಲೆಕ್ಕದಲ್ಲಿ ಇದು ನೂರಕ್ಕೆ 90ಕ್ಕಿಂತ ಹೆಚ್ಚು.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಥೆರಪಿಯವರು ‘ಅವರು’, ಅತ್ತೆ ‘ಅತ್ತೆಯವರು’. ದರ್ಜಿ ಮಾತ್ರ ‘ಅವನು’, ಅದೂ ‘ಮೂಗ’. ಸ್ವಂತ ಅಂಗಡಿ ನಡೆಸುವ ದೊಡ್ಡ ಮನುಷ್ಯ ಅವರು. ನಾಳೆ ನಿಮ್ಮ ಮಗನನ್ನು ಊರು ಯಾವ ಸರ್ವನಾಮದಲ್ಲಿ ಕರೆಯುತ್ತದೆ ಎನ್ನುವುದು ಇಂದು ನೀವು ದರ್ಜಿಯನ್ನು ಏನೆಂದು ಕರೆಯುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ನಿಂತಿದೆ. ‘ಕಿವುಡರು’ ಅನ್ನಿ ಸಾಕು, ಅದರಲ್ಲಿ ಅವಮಾನವಿಲ್ಲ. ‘ಮೂಗ’ ಅನ್ನುವುದರಲ್ಲಿ ಸುಳ್ಳೂ ಇದೆ: ಅವರು ಮೂಗರಾಗಿದ್ದರೆ ನಿಮ್ಮ ಮಗ ಅಷ್ಟು ಹೊತ್ತು ನಗುತ್ತಿದ್ದುದು ಯಾವ ಮಾತಿಗೆ?

ನಾನು ಮೂವತ್ತೆರಡು ವರ್ಷ ಕಿವುಡ ಮಕ್ಕಳ ನಡುವೆ ಕೆಲಸ ಮಾಡಿದವಳು. ಮೊದಲ ಹತ್ತು ವರ್ಷ ನಿಮ್ಮ ಥೆರಪಿಯವರು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ. ನಮಗೆ ಕಲಿಸಿದ್ದೇ ಹಾಗೆ. ಮಗು ಕೈ ಎತ್ತಿದರೆ ಕೈ ಕೆಳಗಿಳಿಸಿ ‘ಬಾಯಲ್ಲಿ ಹೇಳು’ ಅನ್ನುತ್ತಿದ್ದೆವು. ಆಗ ಏಳು ವರ್ಷದ ಒಬ್ಬ ಹುಡುಗಿ ಇದ್ದಳು. ಅಮ್ಮ, ನೀರು, ಹೂವು, ಬಸ್ಸು ಹೀಗೆ ನಲವತ್ತು ಐವತ್ತು ಪದ ಸ್ಪಷ್ಟವಾಗಿ ಆಡುತ್ತಿದ್ದಳು. ಬಂದವರ ಮುಂದೆ ಹೆಮ್ಮೆಯಿಂದ ಆಡಿಸುತ್ತಿದ್ದೆ. ಒಂದು ದಿನ ಅವಳ ತಾಯಿ ಬಂದು, ‘ಮೇಡಂ, ಜಾತ್ರೆಯಿಂದ ಬಂದಾಗಿನಿಂದ ರಾತ್ರಿ ಎದ್ದು ಅಳ್ತಾಳೆ. ಏನಾಯ್ತು ಅಂತ ಇವಳನ್ನ ಕೇಳೋದು ಹೇಗೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ಪದಗಳಿದ್ದವು. ‘ನಿನ್ನೆ’, ‘ಯಾಕೆ’, ‘ಹೆದರಿಕೆಯಾಯಿತು’ ಅನ್ನುವುದನ್ನು ಹೊರುವ ಭಾಷೆ ಇರಲಿಲ್ಲ. ಏನಾಗಿತ್ತು ಅನ್ನುವುದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಆವತ್ತಿನಿಂದ ನಾನು ತಾಯಂದಿರಿಗೆ ‘ಕೈ ಕಟ್ಟಿಹಾಕಿ’ ಅನ್ನುವುದನ್ನು ಬಿಟ್ಟೆ.

ಭಾಷೆ ಬೇರೆ, ಮಾತು ಬೇರೆ. ಕೇಳುವ ಮಗುವಿಗೆ ಎರಡೂ ಒಟ್ಟಿಗೇ ಬರುವುದರಿಂದ ನಮಗೆ ಒಂದೇ ಅನ್ನಿಸುತ್ತದೆ. ಅಡುಗೆಮನೆಯಲ್ಲಿ ನೀವೂ ಅತ್ತೆಯೂ ಮಾತಾಡಿಕೊಳ್ಳುವುದು, ಅಂಗಳದಲ್ಲಿ ಅಪ್ಪ ಫೋನಿನಲ್ಲಿ ಜಗಳವಾಡುವುದು, ಪಕ್ಕದ ಮನೆಯ ಟೀವಿ, ಎಲ್ಲವೂ ಕೇಳುವ ಮಗುವಿನ ಕಿವಿಗೆ ತಾನಾಗಿ ಬೀಳುತ್ತಿರುತ್ತವೆ. ಮೂರು ವರ್ಷಕ್ಕೆ ಅದು ವಾಕ್ಯ ಕಟ್ಟುವುದು ನಾವು ಪಾಠ ಮಾಡಿದ್ದರಿಂದಲ್ಲ, ಹೀಗೆ ಬಿದ್ದದ್ದನ್ನು ಹೆಕ್ಕಿಕೊಂಡದ್ದರಿಂದ. ಕಿವುಡ ಮಗುವಿಗೆ ಈ ಬಿದ್ದ ಕಾಳು ಸಿಗುವುದಿಲ್ಲ. ವಾರಕ್ಕೆ ಎರಡು ಗಂಟೆ ಥೆರಪಿಯಿಂದ ಅದನ್ನು ತುಂಬಿಕೊಡಲೂ ಆಗುವುದಿಲ್ಲ. ಮಿದುಳಿಗೆ ಭಾಷೆ ಕಿವಿಯಿಂದ ಬಂದರೂ ಸರಿ, ಕಣ್ಣಿನಿಂದ ಬಂದರೂ ಸರಿ. ಆದರೆ ಮೊದಲ ನಾಲ್ಕೈದು ವರ್ಷಗಳಲ್ಲಿ ಬಂದರೆ ಹಸಿ ಗೋಡೆಗೆ ಮೊಳೆ ಹೊಡೆದಷ್ಟು ಸುಲಭ.

ಅದಕ್ಕೇ ಕಿವಿಯ ತಜ್ಞರು 1-3-6 ಅನ್ನುತ್ತಾರೆ: ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಪತ್ತೆ, ಆರು ತಿಂಗಳೊಳಗೆ ನೆರವು ಶುರು. ನಿಮ್ಮಲ್ಲಿ ಎರಡು ವರ್ಷದ ಹೊತ್ತಿಗೆ ಗೊತ್ತಾಗಿದೆ. ತಡವೇ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಮನೆಯವರು ಕಾದಿರುತ್ತೀರಿ, ನಮ್ಮಲ್ಲಿ ಎಲ್ಲರೂ ಕಾಯುವುದು ಹಾಗೇ. ಕೈಚೆಲ್ಲುವ ತಡವೇನೂ ಅಲ್ಲ. 2000ರಲ್ಲಿ ಅಮೆರಿಕದ ನೆಬ್ರಾಸ್ಕಾದಿಂದ 112 ಕಿವುಡ ಮಕ್ಕಳ ಮೇಲಿನ ಒಂದು ಅಧ್ಯಯನ ಹೊರಬಂತು. ಹನ್ನೊಂದು ತಿಂಗಳೊಳಗೆ ನೆರವು ಸಿಕ್ಕ ಮಕ್ಕಳು ಐದನೇ ವರ್ಷದಲ್ಲಿ ಪದಸಂಪತ್ತಿನಲ್ಲಿ ಮುಂದಿದ್ದರು, ಅದು ನಿರೀಕ್ಷಿತವೇ. ಆದರೆ ಎಲ್ಲಕ್ಕಿಂತ ಹೆಚ್ಚು ತೂಗಿದ್ದು ಮನೆಯವರು ಎಷ್ಟು ತೊಡಗಿಕೊಂಡರು ಅನ್ನುವುದು. ತಡವಾಗಿ ಗೊತ್ತಾಗಿಯೂ ತಾಯಿ ತಂದೆ ಕೈ ಹಾಕಿ ನಿಂತ ಮನೆಯ ಮಕ್ಕಳು ಚೆನ್ನಾಗಿಯೇ ಬಂದರು.

ಈಗ ನಿಮ್ಮ ಭಯದ ವಿಷಯ: ಸನ್ನೆ ಕಲಿತರೆ ಮಾತು ಬರುವುದಿಲ್ಲವೇ?

ಅಮೆರಿಕದ ಯೂಟಾ ರಾಜ್ಯದಲ್ಲಿ ಕಿವುಡ ಮಗುವಿರುವ ಮನೆಗಳಿಗೆ ದೊಡ್ಡ ಕಿವುಡರೊಬ್ಬರನ್ನು ನಿಯಮಿತವಾಗಿ ಕಳಿಸುವ ಏರ್ಪಾಡು ಮಾಡಿದರು. ಅವರು ಬಂದು ಮಗುವಿನ ಜೊತೆ ಆಡುತ್ತಿದ್ದರು, ಮನೆಯವರಿಗೆ ಸನ್ನೆ ಭಾಷೆ ಹೇಳಿಕೊಡುತ್ತಿದ್ದರು, ಕಿವುಡರ ಬದುಕು ಹೇಗಿರುತ್ತದೆ ಎಂದು ತೋರಿಸುತ್ತಿದ್ದರು. ಇಂಥ ಏರ್ಪಾಡಿಲ್ಲದ ಟೆನೆಸಿ ರಾಜ್ಯದ ಅದೇ ತರಹದ ಮಕ್ಕಳ ಜೊತೆ ಇವರನ್ನು ಹೋಲಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡ ಕಿವುಡರು ಮನೆಗೆ ಬರುತ್ತಿದ್ದ ಮಕ್ಕಳ ಪದಸಂಪತ್ತು ದೊಡ್ಡದಿತ್ತು. ಅಷ್ಟೇ ಅಲ್ಲ, ಇಂಗ್ಲಿಷ್ ವಾಕ್ಯರಚನೆಯಲ್ಲೂ ಅವರೇ ಮುಂದಿದ್ದರು. ಸನ್ನೆ ಇಂಗ್ಲಿಷನ್ನು ತಿಂದುಹಾಕಲಿಲ್ಲ.

ಎದುರು ಮಾತೂ ಇದೆ, ಮುಚ್ಚಿಡುವುದಿಲ್ಲ. 2017ರಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡ 97 ಮಕ್ಕಳ ಅಧ್ಯಯನವೊಂದು, ಸನ್ನೆ ಬಳಸದ ಮನೆಯ ಮಕ್ಕಳು ಮಾತಿನಲ್ಲೂ ಓದಿನಲ್ಲೂ ಮುಂದೆ ಹೋದರು ಎಂದಿತು. ನಿಮ್ಮ ಥೆರಪಿಯವರು ಬಹುಶಃ ಅಂಥದ್ದನ್ನು ಓದಿಕೊಂಡಿರಬಹುದು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮನೆಗಳಲ್ಲಿ ‘ಸನ್ನೆ’ ಅಂದದ್ದು ಬಹುಮಟ್ಟಿಗೆ ಮಾತಿನ ನಡುವೆ ಸೇರಿಸಿದ ಒಂದೊಂದು ಸನ್ನೆ, ಪೂರ್ತಿ ಸನ್ನೆ ಭಾಷೆಯಲ್ಲ. ಜೊತೆಗೆ ಮಾತು ಬರಲು ಕಷ್ಟವಾದ ಮಗುವಿನ ಮನೆಯವರೇ ಸನ್ನೆಯನ್ನು ಉಳಿಸಿಕೊಂಡಿರುತ್ತಾರೆ. ಹೀಗಿರುವಾಗ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳುವುದು ಹೇಗೆ? ಬೇರೆ ಸಂಶೋಧಕರು ಎತ್ತಿದ ಈ ಟೀಕೆ ನನಗೂ ಸರಿ ಅನ್ನಿಸಿದೆ. ನಾನು ಕಂಡ ಮಕ್ಕಳಲ್ಲಿ, ಸನ್ನೆಯಲ್ಲಿ ‘ಯಾಕೆ’ ಎಂದು ಕೇಳಲು ಕಲಿತ ಮಗುವಿಗೆ ಇಂಪ್ಲಾಂಟ್ ಆದ ಮೇಲೆ ‘ಯಾಕೆ’ ಅನ್ನುವ ಶಬ್ದ ಕಲಿಸುವುದು ಸುಲಭವಾಗಿದೆ. ‘ಯಾಕೆ’ ಅನ್ನುವ ಯೋಚನೆ ಆಗಲೇ ತಲೆಯಲ್ಲಿರುತ್ತದಲ್ಲ.

ಇದನ್ನು ಓದಿ ಇಂಪ್ಲಾಂಟ್ ಬೇಡ ಎಂದು ತೀರ್ಮಾನಿಸಬೇಡಿ. ಬೇಗ ಮಾಡಿಸಿ. ಮೂರೂವರೆ ವರ್ಷದೊಳಗೆ ಆದರೆ ಕೇಳುವ ನರದ ಹಾದಿ ಹೊಂದಿಕೊಳ್ಳುವುದು ಚೆನ್ನ, ನಿಮಗೆ ಇನ್ನೂ ವರ್ಷದಷ್ಟು ಸಮಯವಿದೆ. ಪಟ್ಟಿಯಲ್ಲಿ ಹೆಸರು ಎಲ್ಲಿದೆ ಎಂದು ತಿಂಗಳಿಗೊಮ್ಮೆ ವಿಚಾರಿಸುತ್ತಿರಿ, ಮಿದುಳಿನ ಪೊರೆಯ ಸೋಂಕು ತಡೆಯುವ ನ್ಯುಮೊಕಾಕಲ್ ಲಸಿಕೆ ಆಗಿದೆಯೇ ಎಂದು ಈಗಲೇ ಕೇಳಿಕೊಳ್ಳಿ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಆಪರೇಷನ್ ಆಗುವವರೆಗೆ ಕೆಲವು ತಿಂಗಳು. ಆದ ಮೂರ್ನಾಲ್ಕು ವಾರಕ್ಕೆ ಸ್ವಿಚ್ ಆನ್. ಆಮೇಲೆ ಮ್ಯಾಪಿಂಗ್, ಅಂದರೆ ಮಗುವಿಗೆ ತಕ್ಕ ಹಾಗೆ ಇಂಪ್ಲಾಂಟನ್ನು ಹೊಂದಿಸುವುದು, ಮತ್ತೆ ಮ್ಯಾಪಿಂಗ್. ಸ್ವಿಚ್ ಹಾಕಿದ ದಿನ ಅವನ ಕೇಳುವ ವಯಸ್ಸು ಸೊನ್ನೆ. ಕೇಳಿದ್ದನ್ನೆಲ್ಲ ಅರ್ಥ ಮಾಡಿಕೊಳ್ಳಲು ಇನ್ನೊಂದೆರಡು ವರ್ಷ ಬೇಕು. ಅಷ್ಟು ಕಾಲ ಮಗು ಯಾವ ಭಾಷೆಯಲ್ಲಿ ಯೋಚಿಸಬೇಕು? ಆಮೇಲೂ ಸ್ನಾನದಲ್ಲಿ, ಕೆರೆಯಲ್ಲಿ, ರಾತ್ರಿ ಮಲಗುವಾಗ, ಬ್ಯಾಟರಿ ಮುಗಿದಾಗ, ಇಂಪ್ಲಾಂಟಿನ ಹೊರಭಾಗವಾದ ಪ್ರೊಸೆಸರ್ ರಿಪೇರಿಗೆ ಹೋದಾಗ ಅವನು ಕಿವುಡನೇ. ಮಷೀನ್ ತೆಗೆದ ಗಳಿಗೆಯಲ್ಲೂ ಅಮ್ಮನ ಜೊತೆ ಮಾತು ನಿಲ್ಲಬಾರದು.

ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ ಎಂದು ನೆಚ್ಚಿಕೊಳ್ಳಬೇಡಿ. ಕನ್ನಡಿ ಮುಂದೆ ನಿಂತು ದನಿಯಿಲ್ಲದೆ ‘ಬಳೆ’ ಅನ್ನಿ, ‘ಮಳೆ’ ಅನ್ನಿ. ‘ಬರ’ ಅನ್ನಿ, ‘ಮರ’ ಅನ್ನಿ. ಏನಾದರೂ ವ್ಯತ್ಯಾಸ ಕಂಡಿತೇ? ‘ಕಾಗೆ’ಯಂತೂ ಗಂಟಲ ಹಿಂದೆಯೇ ಹುಟ್ಟಿ ಹಾರಿಹೋಗುತ್ತದೆ. ಕನ್ನಡ ಮೊದಲೇ ಗೊತ್ತಿದ್ದವರು ಸಂದರ್ಭ ಹಿಡಿದು ಊಹಿಸುತ್ತಾರೆ. ಕನ್ನಡವೇ ಗೊತ್ತಿಲ್ಲದ ಮಗು ಊಹಿಸುವುದು ಯಾವುದರಿಂದ?

ಇನ್ನು ದರ್ಜಿಯ ಅಂಗಡಿಗೆ ಬರೋಣ, ಮುಖ್ಯ ವಿಷಯ ಅಲ್ಲಿದೆ. ನಾನು ಎಷ್ಟೇ ಓದಿದ್ದರೂ ನನಗೆ ಬರದೆ ಅವರಿಗೆ ಬರುವ ಕೆಲವು ಕೆಲಸಗಳಿವೆ. ನೋಡಿ ಕಲಿಯಿರಿ.

ನೀವು ಮಗನಿಗೆ ಹಸು ತೋರಿಸುವಾಗ ಏನು ಮಾಡುತ್ತೀರಿ? ಅವನು ಹಸುವನ್ನು ನೋಡುತ್ತಿರುವಾಗಲೇ ‘ಹಸು ನೋಡು, ಹುಲ್ಲು ತಿಂತಿದೆ’ ಅನ್ನುತ್ತೀರಿ. ಕೇಳುವ ಮಗುವಿಗೆ ಅದು ಸರಿ. ಕಣ್ಣು ಹಸುವಿನ ಮೇಲೆ, ಕಿವಿ ಅಮ್ಮನ ಮೇಲೆ. ಕಿವುಡ ಮಗುವಿಗೆ ಎರಡಕ್ಕೂ ಇರುವುದು ಅದೇ ಒಂದು ಜೊತೆ ಕಣ್ಣು. ಅವನು ಹಸು ನೋಡುವಾಗ ನಿಮ್ಮ ಮಾತು, ನಿಮ್ಮ ಸನ್ನೆ ಎರಡೂ ಗಾಳಿಗೆ. ದೊಡ್ಡ ಕಿವುಡರು ಕಾಯುತ್ತಾರೆ. ಅವನು ನೋಡಿ ಮುಗಿಸಿ ತಿರುಗಿ ಮುಖ ನೋಡಿದಾಗ ‘ಹಸು’ ಎಂದು ಸನ್ನೆ ಮಾಡುತ್ತಾರೆ. ಇಲ್ಲವೇ ತಮ್ಮ ಕೈಯನ್ನೇ ಅವನ ನೋಟದ ದಾರಿಯಲ್ಲಿ, ಹಸುವಿನ ಪಕ್ಕದಲ್ಲಿ ಹಿಡಿದು ಸನ್ನೆ ಮಾಡುತ್ತಾರೆ. ಕೆಲವೊಮ್ಮೆ ಮಗುವಿನ ಮೈಮೇಲೆಯೇ ಸನ್ನೆ ಬರೆಯುತ್ತಾರೆ. ಕರೆಯಬೇಕಾದರೆ ಗಲ್ಲ ಹಿಡಿದು ಮುಖ ತಿರುಗಿಸುವುದಿಲ್ಲ (ನಾವೆಲ್ಲ ಹಾಗೆ ಮಾಡುತ್ತೇವೆ, ಮಕ್ಕಳು ಸಿಟ್ಟಾಗುತ್ತಾರೆ). ಭುಜ ಮೆಲ್ಲಗೆ ತಟ್ಟುತ್ತಾರೆ, ನೆಲ ತಟ್ಟುತ್ತಾರೆ, ಲೈಟ್ ಆರಿಸಿ ಹಾಕುತ್ತಾರೆ. ಕೂರುವಾಗ ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಕೂರುತ್ತಾರೆ. ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಬರೀ ಕಪ್ಪು ನೆರಳು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ದಿನಕ್ಕೆ ನೂರು ಸಲ ನಡೆಯುವ ಸಂಗತಿಗಳು ಇವೇ.

ಅವರು ಬಳಸುವ ಸನ್ನೆ ಯಾವುದೋ ಏನೋ ಅನ್ನಿಸಬಹುದು. ಕಿವುಡರ ಶಾಲೆಗೆ ಹೋಗಿದ್ದರೆ, ಅಥವಾ ಪಟ್ಟಣದ ಕಿವುಡರ ಸಂಘದ ಒಡನಾಟವಿದ್ದರೆ, ಅವರದು ಭಾರತೀಯ ಸನ್ನೆ ಭಾಷೆಯೇ ಆಗಿರುತ್ತದೆ. 1970-80ರ ದಶಕಗಳಲ್ಲಿ ಸಂಶೋಧಕರು ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ದಾಖಲಿಸಿದಾಗ ಕಂಡದ್ದು ಇದು: ಊರಿಂದೂರಿಗೆ ಪದ ಬೇರೆಯಾದರೂ ವ್ಯಾಕರಣ ಹೆಚ್ಚುಕಮ್ಮಿ ಒಂದೇ. ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ ಅಂದುಕೊಳ್ಳಿ. ಶಾಲೆಯ ಮುಖ ನೋಡದವರಾದರೆ ಮನೆಯಲ್ಲೇ ಹುಟ್ಟಿದ ಸನ್ನೆಗಳಿರುತ್ತವೆ. ಅದೂ ನಿಮಗೆ ಪ್ರಯೋಜನವೇ, ಆದರೆ ಅದೊಂದೇ ಸಾಲದು. ಆಗ ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟನ್ನು ಜೊತೆಗಿಟ್ಟುಕೊಳ್ಳಿ. 2015ರಲ್ಲಿ ಶುರುವಾದ ಈ ಕೇಂದ್ರ 2018ರಲ್ಲಿ 3,000 ಪದಗಳಿಂದ ಆರಂಭಿಸಿ 2021ರ ಹೊತ್ತಿಗೆ 10,000 ಪದಗಳನ್ನು ವಿಡಿಯೊ ಮಾಡಿ ಯೂಟ್ಯೂಬಿನಲ್ಲಿ ಇಟ್ಟಿದೆ. ಕೇಂದ್ರ ಸರ್ಕಾರದ ಶಿಕ್ಷಣ ಟೀವಿಯಾದ ಪಿಎಂ ಇ-ವಿದ್ಯಾದ 31ನೇ ಚಾನೆಲ್ 2024ರ ಡಿಸೆಂಬರಿನಿಂದ ಪೂರ್ತಿ ಸನ್ನೆ ಭಾಷೆಗೇ ಮೀಸಲು.

ಕನ್ನಡದವರಿಗೆ ಇದು ಅಂಥ ಕಷ್ಟದ ಭಾಷೆಯೂ ಅಲ್ಲ. ‘ನಿನ್ನ ಹೆಸರು ಏನು’ ಅನ್ನುವಾಗ ನಾವು ‘ಏನು’ವನ್ನು ಕೊನೆಗಿಡುತ್ತೇವೆ, ಸನ್ನೆ ಭಾಷೆಯೂ ಹಾಗೇ. ‘ಹಾಲು ಬೇಡ’, ‘ದುಡ್ಡು ಇಲ್ಲ’ ಅನ್ನುವಾಗ ಬೇಡ, ಇಲ್ಲಗಳು ಕೊನೆಗೆ, ಅಲ್ಲೂ ಹಾಗೇ. ಪ್ರಶ್ನೆಗೆ ಮೂಲತಃ ಒಂದೇ ಸನ್ನೆ: ಜಾಗದ ಸನ್ನೆಗೆ ಅದನ್ನು ಸೇರಿಸಿದರೆ ‘ಎಲ್ಲಿ’, ಹೊತ್ತಿನ ಸನ್ನೆಗೆ ಸೇರಿಸಿದರೆ ‘ಯಾವಾಗ’, ಮುಖದ ಸನ್ನೆಗೆ ಸೇರಿಸಿದರೆ ‘ಯಾರು’. ನನಗೆ ಇದು ತಿಳಿದಾಗ ಒಂದು ಜಾಣ ಒಗಟು ಬಿಡಿಸಿದಷ್ಟು ಖುಷಿಯಾಗಿತ್ತು. ಮೊದಲ ತಿಂಗಳಲ್ಲಿ ನೂರು ಸನ್ನೆ ಗುರಿ ಇಟ್ಟುಕೊಳ್ಳಿ. ಬಣ್ಣ, ಪ್ರಾಣಿಗಳ ಪಟ್ಟಿ ಆಮೇಲೆ ನೋಡೋಣ. ‘ಆಮೇಲೆ’, ‘ಇನ್ನೊಂದು’, ‘ಮುಗೀತು’, ‘ನೋವು’, ‘ಯಾರು’, ‘ಅಪ್ಪ ಬರ್ತಾರೆ’ ಇಂಥವು ಮೊದಲು. ಸಂಜೆ ಅಪ್ಪ ಯಾವಾಗ ಬರುತ್ತಾರೆ ಎಂದು ಗೊತ್ತಿಲ್ಲದ ಮಗು ದಿನವಿಡೀ ಬಾಗಿಲು ಕಾಯುತ್ತದೆ.

ನಿಮ್ಮ ಯಜಮಾನರೂ ಕಲಿಯಬೇಕು. ಭಾಷೆ ಬರೀ ತಾಯಿಯ ಕೈಯಲ್ಲಿ ಉಳಿದ ಮನೆಗಳಲ್ಲಿ ಮಗು ಹತ್ತು ವರ್ಷವಾದರೂ ಅಪ್ಪನ ಜೊತೆ ತಾಯಿಯನ್ನು ದುಭಾಷಿ ಮಾಡಿಕೊಂಡು ಮಾತಾಡುವುದನ್ನು ನೋಡಿದ್ದೇನೆ.

ಅತ್ತೆಯವರಿಗೆ ವಾದ ಮಾಡಿ ಹೇಳಲು ಹೋಗಬೇಡಿ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ರವಿಕೆ ಅಳತೆ ಕೊಡುವ ನೆಪ ಸಾಕು. ‘ಅವನ ಹಾಗೇ ಆಗ್ತಾನೆ’ ಅನ್ನುವಾಗ ಅವರು ಹೆದರುತ್ತಿರುವುದು ಯಾವುದಕ್ಕೆ? ಆ ಮನುಷ್ಯ ದುಡಿಯುತ್ತಾರೆ, ಗಿರಾಕಿಗಳನ್ನು ನಿಭಾಯಿಸುತ್ತಾರೆ, ಮಗುವನ್ನು ನಗಿಸುತ್ತಾರೆ. ಮೊಮ್ಮಗ ದೊಡ್ಡವನಾದ ಮೇಲೆ ಹೇಗಿರಬಹುದು ಎಂದು ಊಹಿಸಿಕೊಳ್ಳಲು ಅವರಿಗೊಂದು ಚಿತ್ರ ಬೇಕು. ಈಗ ಅವರ ಕಣ್ಣ ಮುಂದಿರುವುದು ಬರೀ ಕತ್ತಲೆ. ‘ಸೋದರಮಾವನ ಕಡೆ ಸಂಬಂಧ ಮಾಡಿದ್ದಕ್ಕೇ ಹೀಗಾಯ್ತು’ ಎಂಬ ಮಾತೂ ಮನೆಯಲ್ಲಿ ಎದ್ದಿರಬಹುದು. ಒಳಸಂಬಂಧದಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು ಎನ್ನುವುದು ನಿಜ, ಮುಂದಿನ ಮಗುವಿನ ಯೋಚನೆಯಿದ್ದರೆ ಆನುವಂಶಿಕ ಸಲಹೆ ಪಡೆಯಿರಿ. ಆದರೆ ಎಷ್ಟೋ ಮಕ್ಕಳು ಯಾವ ಸಂಬಂಧವೂ ಇಲ್ಲದ ತಂದೆ ತಾಯಿಗೆ ಹೀಗೆ ಹುಟ್ಟುತ್ತಾರೆ. ತಪ್ಪು ಯಾರದು ಎಂದು ಪಂಚಾಯ್ತಿ ಮಾಡುವ ಸಂಜೆಗಳನ್ನು ಸನ್ನೆ ಕಲಿಯಲು ಕೊಡಿ.

ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲಿಪುರದ ಸಂಗತಿ ಅತ್ತೆಯವರಿಗೆ ಹೇಳಿ. ಆ ಊರಲ್ಲಿ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು. ಸುಮಾರು 10,000 ಜನರಲ್ಲಿ 150 ಕಿವುಡರು ಎಂದು ಅಲ್ಲಿನ ಸನ್ನೆ ಭಾಷೆಯನ್ನು ಅಭ್ಯಾಸ ಮಾಡಿದ ಶಿಬಾಜಿ ಪಂಡಾ ದಾಖಲಿಸಿದ್ದಾರೆ. ಊರಿಗೆ ತನ್ನದೇ ಆದ ಒಂದು ಸನ್ನೆ ಭಾಷೆ ಬೆಳೆದಿದೆ, ಕೇಳುವವರಲ್ಲೂ ಎಷ್ಟೋ ಜನಕ್ಕೆ ಅದು ಬರುತ್ತದೆ. ಅಲ್ಲಿ ಕಿವುಡ ಮಗು ಹುಟ್ಟಿದರೆ ಮಾತಾಡಿಸುವವರಿಗೆ ಬರವಿಲ್ಲ. ನಿಮ್ಮ ಬೀದಿಯಲ್ಲಿ ಇರುವುದು ಒಬ್ಬರು. ಒಬ್ಬರಿದ್ದಾರಲ್ಲ.

ದರ್ಜಿಯ ಜೊತೆ ವ್ಯವಹಾರ ಸರಿಯಾಗಿ ಮಾಡಿಕೊಳ್ಳಿ. ದಿನಾ ಸಂಜೆ ಒಂದು ಗಂಟೆ ನಿಮ್ಮ ಮನೆಗೆ ಬರಲು ಕೇಳಿ, ಆ ಗಂಟೆಗೆ ಹಣ ಕೊಡಿ. ಥೆರಪಿಗೆ, ಬಸ್ಸಿಗೆ ಕೊಡುತ್ತೀರಲ್ಲ, ಇದೂ ಕೆಲಸವೇ. ಬಿಟ್ಟಿ ಮಾಡಿಸಿಕೊಂಡರೆ ಗಿರಾಕಿ ಬಂದ ದಿನ ತಪ್ಪುತ್ತದೆ, ಹಬ್ಬದ ಸೀಸನ್ನಿನಲ್ಲಿ ನಿಂತೇಹೋಗುತ್ತದೆ. ಯಾವ ದೊಡ್ಡವರ ಜೊತೆಯಾದರೂ ಇಷ್ಟು ಚಿಕ್ಕ ಮಗುವನ್ನು ಒಂಟಿಯಾಗಿ ಬಿಡಬಾರದು, ಇದು ಅವರಿಗೆಂದು ಮಾಡಿದ ನಿಯಮವಲ್ಲ. ನೀವು ಪಕ್ಕದಲ್ಲಿದ್ದರೆ ನಿಮ್ಮ ಕಲಿಕೆಯೂ ಆಗುತ್ತದೆ.

ಮಿಕ್ಕ ಕೆಲಸಗಳು ಬೇಗ ಹೇಳಿ ಮುಗಿಸುತ್ತೇನೆ. ಮಷೀನ್ ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲಿರಬೇಕು. ಸಿಳ್ಳೆ ಹೊಡೆಯುತ್ತಿದ್ದರೆ ಹೆಚ್ಚಾಗಿ ಕಿವಿಯ ಅಚ್ಚು ಚಿಕ್ಕದಾಗಿದೆ ಎಂದು ಅರ್ಥ, ಮಕ್ಕಳಿಗೆ ಅದು ಮತ್ತೆ ಮತ್ತೆ ಬದಲಿಸುವುದೇ. ಥೆರಪಿ ಬಿಡಬೇಡಿ, ಥೆರಪಿಯವರಿಗೆ ‘ನಾವು ಎರಡೂ ಮಾಡುತ್ತಿದ್ದೇವೆ’ ಎಂದು ನೇರವಾಗಿ ಹೇಳಿ, ಕದ್ದುಮುಚ್ಚಿ ಮಾಡಬೇಡಿ. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗಲೆಂದೇ ಇರುವ ಡಿಇಐಸಿ ಕೇಂದ್ರವನ್ನು ಒಮ್ಮೆ ನೋಡಿ ಬನ್ನಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರನ್ನೂ ಮಕ್ಕಳ ಜೊತೆ ಕೂರಿಸಿ ತರಬೇತಿ ಕೊಡುತ್ತಾರೆ. ಕೆಲವು ತಿಂಗಳು ಅಲ್ಲಿ ಬಾಡಿಗೆ ಮನೆ ಮಾಡಿಕೊಂಡಿರಲು ಆಗುವುದಾದರೆ ಯೋಚಿಸಿ. ಪಾಠಕ್ಕಿಂತ ಹೆಚ್ಚಾಗಿ, ನಿಮ್ಮಂಥ ಇತರ ತಾಯಂದಿರು ಸಿಗುತ್ತಾರೆ. ಮುಂದೆ ಶಾಲೆಗೆ ಸೇರಿಸುವಾಗ ‘ನಮ್ಮಲ್ಲಿ ಸನ್ನೆ ಬರುವವರಿಲ್ಲ’ ಎಂದು ಯಾರಾದರೂ ಕೈತೊಳೆದುಕೊಂಡರೆ, ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಿ ತರಬೇತಿ ಕೊಡಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ ಎನ್ನುವುದು ನೆನಪಿರಲಿ.

ಆರು ತಿಂಗಳು ಬಿಟ್ಟು ನನಗೆ ಮತ್ತೆ ಬರೆಯಿರಿ. ಎಷ್ಟು ಪದ ಕಲಿತ ಎಂದು ಎಣಿಸಿ ಕಳಿಸಬೇಡಿ. ಎರಡು ಸನ್ನೆ ಜೋಡಿಸಿ ಏನಾದರೂ ಹೇಳಿದನೇ, ಕಣ್ಣೆದುರು ಇಲ್ಲದ ವಸ್ತುವಿನ ಬಗ್ಗೆ ಕೇಳಿದನೇ, ನಿಮಗೆ ಸುಳ್ಳು ಹೇಳಲು ನೋಡಿದನೇ, ಅದನ್ನು ಬರೆಯಿರಿ. ಬೆಲ್ಲ ತಿಂದು ‘ನಾನಲ್ಲ, ಬೆಕ್ಕು’ ಎಂದು ಸನ್ನೆ ಮಾಡಿದರೆ ಆ ದಿನ ಪಾಯಸ ಮಾಡಿ. ಇನ್ನೊಂದು ಕುತೂಹಲ: ಕಿವುಡರು ಹತ್ತಿರದವರಿಗೆಲ್ಲ ಒಂದು ಸನ್ನೆ ಹೆಸರು ಇಡುತ್ತಾರೆ, ಕೆನ್ನೆಯ ಗುಳಿಗೋ ಗುಂಗುರು ಕೂದಲಿಗೋ ಹೊಂದುವ ಹಾಗೆ. ದರ್ಜಿಯವರು ನಿಮ್ಮ ಮಗನಿಗೆ ಆಗಲೇ ಒಂದು ಇಟ್ಟಿರುತ್ತಾರೆ. ನಾಳೆ ಹೋದಾಗ ಅದು ಯಾವುದು ಎಂದು ಕೇಳಿ.